ದಾರ ಬಿಗಿದಷ್ಟು ಹೊತ್ತು

ಆ ಊರಿನಲ್ಲಿ ನಿಜ ಹೇಳಬೇಕಾದ ಹೊತ್ತು ಒಂದೇ. ಗಾಳಕ್ಕೆ ಮೀನು ಸಿಕ್ಕಿ ದಾರ ಬಿಗಿದಷ್ಟು ಹೊತ್ತು. ಉಳಿದ ಹೊತ್ತಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದಿತ್ತು. ಹೇಳುತ್ತಲೂ ಇದ್ದರು. ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ನಿಯಮ ಸರಳವಾಗಿತ್ತು. ಬಿಸಿಲು ಬಲಿತ ದಿನದಿಂದ ಮೊದಲ ಮಳೆಯವರೆಗೆ, ದಿನಕ್ಕೊಂದು ಮನೆಯಂತೆ, ಮನೆಯ ಹಿರಿಯ ಕೆರೆಗೆ ಗಾಳ ಹಾಕಬೇಕು. ಬೆಳಕು ಹರಿದಾಗ ಕೂತವನು ನೆರಳು ಕಾಲಡಿಗೆ ಬರುವವರೆಗೆ ಜಾಗ ಬಿಡಬಾರದು. ಊರೆಲ್ಲ ಏರಿಯ ಮೇಲೆ ಸಾಲಾಗಿ ಕೂತು ನೋಡಬೇಕು. ದಾರ ಬಿಗಿದರೆ, ಏರಿಯ ಮೇಲಿನವರು ವಯಸ್ಸಿನ ಸರದಿಯಲ್ಲಿ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಬಹುದು. ಕೋಲು ಹಿಡಿದವನು ಉತ್ತರ ಹೇಳಬೇಕು. ಸರದಿ ತಪ್ಪಿ ಬಾಯಿ ತೆರೆದವರು ತಮ್ಮ ಪ್ರಶ್ನೆ ಕಳೆದುಕೊಳ್ಳುತ್ತಾರೆ. ಮೀನು ದಂಡೆಗೆ ಬಂದರೆ ಹೇಳಿದ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ದಾರ ಕಡಿದರೆ, ಇಲ್ಲವೇ ಕೋಲು ಕೈಬಿಟ್ಟರೆ, ಹೇಳಿದ್ದೆಲ್ಲ ಬಿದ್ದುಹೋಗುತ್ತದೆ. ಅದನ್ನು ಮತ್ತೆ ಯಾರೂ ಎತ್ತುವಂತಿಲ್ಲ.

ದಾರ ಬಿಗಿದವನು ಸುಳ್ಳು ಹೇಳಲಾರ ಎಂಬುದನ್ನು ಊರಿನವರು ಕೆರೆಯ ಮಹಿಮೆ ಎನ್ನುತ್ತಿದ್ದರು. ಮಹಿಮೆ ಏನೂ ಇರಲಿಲ್ಲ. ಎರಡು ಕೈಯಲ್ಲೂ ಮೀನನ್ನು ಸಂಭಾಳಿಸುತ್ತಿರುವವನಿಗೆ ಸುಳ್ಳು ಕಟ್ಟುವಷ್ಟು ಬಿಡುವಿರುವುದಿಲ್ಲ.

ಹೀಗಾಗಿ ಆ ಊರಿನಲ್ಲಿ ಮೀನು ಹಿಡಿಯದಿರುವುದು ಒಂದು ವಿದ್ಯೆಯಾಗಿ ಬೆಳೆದಿತ್ತು. ಬೇಸಿಗೆಯಲ್ಲಿ ಮೀನು ತಂಪು ಹೊತ್ತಿನಲ್ಲಿ ದಂಡೆಗೆ ಬರುತ್ತದೆ, ಬಿಸಿಲೇರಿದ ಹಾಗೆ ಆಳಕ್ಕಿಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ತಂಪು ಹೊತ್ತನ್ನೆಲ್ಲ ಅವರು ಚಾಪೆ ಹಾಸುವುದರಲ್ಲಿ, ದಾರದ ಸಿಕ್ಕು ಬಿಡಿಸುವುದರಲ್ಲಿ ಕಳೆದು, ಬಿಸಿಲೇರಿದ ಮೇಲೆ, ಕಾಲಿಟ್ಟರೆ ಚುರುಗುಟ್ಟುವ ತೆಳುನೀರಿಗೆ ಗಾಳ ಬಿಡುತ್ತಿದ್ದರು. ಹೆಜ್ಜೆಯ ಸದ್ದಿಗೆ ಮೀನು ದೂರ ಹೋಗುತ್ತದೆ; ಅವರು ಆಗಾಗ ಎದ್ದು ಕಾಲು ಜಾಡಿಸುತ್ತಿದ್ದರು. ನೀರಿನ ಮೇಲೆ ಮನುಷ್ಯನ ನೆರಳು ಬೀಳಬಾರದು. ಅವರು ಕೊಡೆ ಬಿಚ್ಚುತ್ತಿದ್ದರು. ಗಾಳಕ್ಕೆ ಚುಚ್ಚುತ್ತಿದ್ದದ್ದು ಎರೆಹುಳುವನ್ನಲ್ಲ, ಮೂರು ದಿನ ಒಣಗಿಸಿದ ರಾಗಿಮುದ್ದೆಯ ಉಂಡೆಯನ್ನು. ನೀರಿಗೆ ಬಿದ್ದರೆ ಕಲ್ಲು ಬಿದ್ದ ಹಾಗೆ ಸದ್ದು. ಯಾವ ಮನೆಯವರು ಯಾವ ಜಾಗದಲ್ಲಿ ಕೂರಬೇಕೆಂಬುದನ್ನು ಅವರ ಅಜ್ಜಂದಿರು ಗುರುತಿಸಿಟ್ಟಿದ್ದರು. ಮೀನಿಲ್ಲದ ಜಾಗಗಳು, ತಲೆಮಾರುಗಳಿಂದ ಪರೀಕ್ಷೆಯಾದವು. ಆ ನಂಬಿಕೆಯ ಮೇಲೆ ಊರಿನವರು ನೀರನ್ನು ನೋಡುವುದನ್ನೇ ಬಿಟ್ಟಿದ್ದರು.

ಇಷ್ಟಾದರೂ ಒಂದೊಂದು ಬೇಸಿಗೆ ಯಾವುದೋ ಮೂರ್ಖ ಮೀನು ಕಚ್ಚಿಬಿಡುತ್ತಿತ್ತು. ಅದಕ್ಕೂ ವ್ಯವಸ್ಥೆಯಿತ್ತು. ಕೇಳುವ ಪ್ರಶ್ನೆಗಳೂ ಮನೆತನದಿಂದ ಬಂದವು. ಒಂದು ಮನೆಯವರು ಬೆಳಿಗ್ಗೆ ಏನು ಉಂಡೆ ಎಂದು ಕೇಳಬೇಕು. ಇನ್ನೊಂದು ಮನೆಯವರು ಎಡಗೈಯಲ್ಲಿ ಬೆರಳೆಷ್ಟು ಎಂದು ಕೇಳಬೇಕು. ಬೇರೆಯದನ್ನು ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಜನರ ನೆನಪಿನಲ್ಲಿ ಅತ್ಯಂತ ಹೆಚ್ಚು ಹೊತ್ತು ಸೆಣಸಿದ ಮೀನು ಒಂಬತ್ತು ಪ್ರಶ್ನೆಗಳಷ್ಟು ಹೊತ್ತು ಸೆಣಸಿತ್ತು. ಒಂಬತ್ತನೆಯ ಪ್ರಶ್ನೆ, ಸೂರ್ಯ ಯಾವ ಕಡೆ ಇದ್ದಾನೆ ಎಂಬುದು.

ಊರಿಗೆಲ್ಲ ಗಾಳ ಮಾಡಿಕೊಡುವವಳು ಒಬ್ಬಳೇ. ಅವಳನ್ನು ಗಾಳದವಳು ಎನ್ನುತ್ತಿದ್ದರು. ದಬ್ಬಳವನ್ನು ಕೆಂಪಗೆ ಕಾಯಿಸಿ, ಬಗ್ಗಿಸಿ, ತುದಿಯನ್ನು ಕಲ್ಲಿಗೆ ತೀಡಿ ಮೊಂಡು ಮಾಡಿ ಕೊಡುತ್ತಿದ್ದಳು. ದಾರವನ್ನೂ ಅವಳೇ ಕೊಡುತ್ತಿದ್ದಳು. ಹಳೆಯ ಹತ್ತಿಯ ದಾರ, ಒಮ್ಮೆ ಜಗ್ಗಿದರೆ ಕಡಿಯುವಂಥದ್ದು. ಅವಳ ಗಂಡ ಕೆರೆಯ ತೂಬು ಕಾಯುತ್ತಿದ್ದ. ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಊರೆಲ್ಲ ಮಲಗಿದ್ದಾಗ, ಯಾರೋ ತೂಬು ತೆಗೆದರು. ಕೆರೆಯ ಅರ್ಧ ನೀರು ಹೊರಗೆ ಹರಿದು ಮಣ್ಣುಪಾಲಾಯಿತು. ಊರು ಎದ್ದು ಬಂದಾಗ ತೂಬಿನ ಮೇಲೆ ತೂಬಿನವನ ಕೈಯಿತ್ತು. ಅವನು ಮುಚ್ಚುತ್ತಿದ್ದೆ ಎಂದ. ಯಾರು ತೆಗೆದದ್ದು ಎಂದು ಊರಿನ ಯಜಮಾನ ಎಲ್ಲರನ್ನೂ ಕೇಳಿದ. ಊರು ಮಲಗಿತ್ತು. ಗಾಳದವಳನ್ನೂ ಕೇಳಿದ. ಮಲಗಿದ್ದೆ ಎಂದಳು.

ತೂಬಿನವನನ್ನು ಆಚೆ ದಂಡೆಗೆ ಕಳಿಸಿದರು.

ಆಚೆ ದಂಡೆಗೆ ಹೋದವನನ್ನು ಕೂಗಬಾರದು, ಅವನಿಗೆ ಕೈ ಬೀಸಬಾರದು. ನೋಡಬಹುದು. ಮುಂದಿನ ಬೇಸಿಗೆ ಮುಗಿಯುವುದರೊಳಗೆ ಯಾರಾದರೂ ದಾರ ಬಿಗಿದಾಗ ಅವನ ಪರವಾಗಿ ಹೇಳಿ, ಆ ಮಾತು ನಿಂತರೆ, ಅವನು ನೀರಿಗಿಳಿದು ನಡೆದು ಬರಬಹುದು. ಹೇಳದಿದ್ದರೆ, ಆ ಬೇಸಿಗೆಯ ಕೊನೆಗೆ ಮೊದಲ ಮಳೆಯ ಹನಿ ಬಿದ್ದಾಗ ಅವನು ಬೆನ್ನು ತಿರುಗಿಸಿ ಹೋಗಬೇಕು. ಹಾಗೆ ಹೋದವರನ್ನು ಯಾರೂ ಮತ್ತೆ ಕಂಡಿಲ್ಲ. ಕೇಳಿಯೂ ಇಲ್ಲ.

ತೂಬಿನವನು ಆಚೆ ದಂಡೆಯಲ್ಲಿ ನಿಂತ. ಮಳೆಗಾಲದಲ್ಲಿ ಕಡ್ಡಿಯಷ್ಟು ಕಂಡ. ಚಳಿಗಾಲದಲ್ಲಿ ಕೋಲಿನಷ್ಟು ಕಂಡ. ಬೇಸಿಗೆ ಬಂದು ನೀರು ಇಳಿದು ಎರಡು ದಂಡೆಗಳೂ ಹತ್ತಿರವಾದ ಮೇಲೆ ಅವನ ಮುಖ ಕಂಡಿತು. ಮುಖ ಕಾಣದಿದ್ದಾಗಲೇ ಗಾಳದವಳಿಗೆ ಸುಲಭವಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಅದು ಯಾರ ಹತ್ತಿರ ಇದೆಯೆಂಬ ಅಂದಾಜೂ ಅವಳಿಗಿತ್ತು. ತೂಬಿನ ಬೀಗದ ಇನ್ನೊಂದು ಕೀಲಿ ಇದ್ದದ್ದು ಯಜಮಾನನ ಮನೆಯಲ್ಲಿ. ಆದರೆ ಯಜಮಾನ ಇಪ್ಪತ್ತು ಬೇಸಿಗೆ ಗಾಳ ಹಾಕಿದ್ದ, ಒಂದು ಸಲವೂ ಅವನ ದಾರ ಬಿಗಿದಿರಲಿಲ್ಲ. ಹಿಡಿಯದಿರುವ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಎಮ್ಮೆ ಮೈತೊಳೆಯುವ ಮೆಟ್ಟಿಲು ಅವನ ಜಾಗ. ಕೆರೆಯಲ್ಲೇ ಅತಿ ತೆಳು, ಅತಿ ಬಿಸಿ ನೀರು ಅಲ್ಲಿಯದು. ಕೊಡೆಯಡಿ ಕೂತು, ಮಜ್ಜಿಗೆ ಕುಡಿಯುತ್ತ, ದಾರಕ್ಕೆ ಕಟ್ಟಿದ, ಅಲ್ಲಾಡದ ಬೆಂಡನ್ನು ನೋಡುತ್ತಿದ್ದ. ಅದೂ ಒಂದು ಸುಖವೇ. ನೀರಿನ ಮೇಲೆ ಬಿಳಿಯ ಬೆಂಡು, ಬೆಂಡಿನ ಮೇಲೆ ನೀಲಿಯ ಏರೋಪ್ಲೇನ್ ಚಿಟ್ಟೆ, ಹಿಂದೆ ಏರಿಯ ಮೇಲೆ ತನ್ನನ್ನೇ ನೋಡುತ್ತಿರುವ ಊರು.

ಗಾಳದವಳು ಮಾತ್ರ ನೀರನ್ನು ನೋಡುತ್ತಿದ್ದಳು. ಗಾಳ ಮಾಡುವವಳಾದ್ದರಿಂದ ಅದು ಕಸುಬಿನ ಚಟ. ಅರ್ಧ ನೀರು ಹೋದ ಮೇಲೆ ಕೆರೆ ಮೊದಲಿನ ಕೆರೆಯಾಗಿರಲಿಲ್ಲ. ಮೊದಲು ಆಳವಾಗಿದ್ದ ಕಡೆ ಕೆಸರು ಕೂತಿತ್ತು. ಮೊದಲು ಬರಿ ಕಲ್ಲಿದ್ದ ಮೆಟ್ಟಿಲಿನ ಬುಡದಲ್ಲಿ ಜೊಂಡು ಬೆಳೆದಿತ್ತು. ಬೇಸಿಗೆಯ ಮೊದಲ ವಾರ ಆ ಜೊಂಡಿನ ನಡುವೆ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಗುಂಪು ಕಂಡಿತು. ಅದು ಚದುರುತ್ತಿತ್ತು, ಕೂಡುತ್ತಿತ್ತು. ಮೀನಿನ ಮರಿಗಳು, ಸಾವಿರ ಇರಬಹುದು. ಅವುಗಳ ಕೆಳಗೆ, ಹಾವಿನ ತಲೆಯಂಥ ತಲೆಯಿದ್ದ ಒಂದು ಕಪ್ಪು ಮೀನು, ತೋಳುದ್ದದ್ದು, ಅಲ್ಲಾಡದೆ ನಿಂತಿತ್ತು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಮತ್ತೆ ಮರಿಗಳ ಕೆಳಗೆ ನಿಲ್ಲುತ್ತಿತ್ತು.

ಮರಿ ಕಾಯುವ ಮೀನಿಗೆ ಬಿಸಿಲಿನ ಲೆಕ್ಕವಿಲ್ಲ. ಹಸಿವಿನ ಲೆಕ್ಕವೂ ಇಲ್ಲ. ಮರಿಗಳ ಹತ್ತಿರ ಏನು ಬಿದ್ದರೂ ಅದು ಕಚ್ಚುತ್ತದೆ, ಕಲ್ಲಿನಂಥ ರಾಗಿ ಉಂಡೆಯಾದರೂ ಸರಿ. ಇಂಥದ್ದು ಮೆಟ್ಟಿಲಿನ ಬುಡಕ್ಕೆ ಬಂದದ್ದು ತೂಬು ತೆಗೆದವನ ದೆಸೆಯಿಂದ. ಗಾಳದವಳಿಗೆ ನಗು ಬಂತು. ಅವಳು ನಗಲಿಲ್ಲ, ಯಾಕೆಂದರೆ ಮೆಟ್ಟಿಲ ಮೇಲೆ ಯಾರೋ ಬಟ್ಟೆ ಸೆಣೆಯುತ್ತಿದ್ದರು. ಸೆಣೆಯುವವರ ಕಣ್ಣೂ ನೀರಿನ ಮೇಲಿರಲಿಲ್ಲ.

ಯಜಮಾನನ ಸರದಿಗೆ ನಲವತ್ತು ದಿನವಿತ್ತು. ನಲವತ್ತು ದಿನವೂ ಅವಳು ಒಂದೇ ಗಾಳವನ್ನು ತೀಡಿದಳು. ಈವರೆಗೆ ಮೊಂಡು ಮಾಡಿ ರೂಢಿಯಾದ ಕೈ, ಚೂಪು ಮಾಡುವುದನ್ನು ಮರೆತಿತ್ತು. ಮೊದಲ ಎಂಟು ದಿನ ತುದಿ ಮುರಿಯಿತು. ಸೆಣಬಿನ ನಾರನ್ನು ಸೀಳಿ, ಮೂರೆಳೆ ಹೊಸೆದು, ಹತ್ತಿಯ ದಾರದಷ್ಟೇ ತೆಳ್ಳಗೆ ಮಾಡಿ, ಬೂದಿಯಲ್ಲಿ ಹೊರಳಿಸಿ ಹಳೆಯದರಂತೆ ಕಾಣಿಸಿದಳು. ಅದಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು ನೋಡಿದಳು. ಕಲ್ಲು ದೊಡ್ಡದು ಮಾಡಿ ನೋಡಿದಳು. ದಾರ ಕಡಿಯಲಿಲ್ಲ.

ಸರದಿಯ ಹಿಂದಿನ ದಿನ ಯಜಮಾನ ಬಂದು ಗಾಳದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಪ್ರತಿ ವರ್ಷವೂ ಒತ್ತಿ ನೋಡುತ್ತಿದ್ದ. ಅವಳು ತುದಿಗೆ ಮೇಣದ ಹನಿ ಹಚ್ಚಿ, ಮಸಿ ಸವರಿದ್ದಳು.

“ಹೋದ ವರ್ಷದ್ದಕ್ಕಿಂತ ಮೊಂಡಾಗಿದೆಯಲ್ಲವ್ವಾ,” ಎಂದ.

“ಕೈಗೆ ವಯಸ್ಸಾಯಿತು, ಯಜಮಾನರೇ.”

“ಒಳ್ಳೆಯದೇ.” ಅವನು ಬಾಗಿಲಲ್ಲಿ ನಿಂತು ಆಚೆ ದಂಡೆಯ ಕಡೆ ನೋಡಿದ. ಈ ವರ್ಷ ಮಳೆ ಬೇಗ ಬರುವ ಹಾಗಿದೆ ಎಂದ. ಪಾಪ ಎಂದೂ ಸೇರಿಸಿದ. ಸಡಿಲ ದಾರದ ಮಾತು. ಅವನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಮರುದಿನ ಬೆಳಕು ಹರಿದಾಗ ಊರು ಏರಿಯ ಮೇಲೆ ಕೂತಿತು. ಎಲ್ಲರಿಗಿಂತ ಮೊದಲು ಹಿರಿಯಜ್ಜಿ, ಊರಿನಲ್ಲೇ ಹೆಚ್ಚು ವಯಸ್ಸಿನವಳು. ಆಮೇಲೆ ಉಳಿದವರು. ಗಾಳದವಳದು ಮೂವತ್ತೇಳನೆಯ ಜಾಗ. ಪೂರ್ವದಲ್ಲಿ ಮೋಡವಿತ್ತು, ಎಮ್ಮೆಯ ಬೆನ್ನಿನಷ್ಟು.

ಯಜಮಾನ ಚಾಪೆ ಹಾಸಿದ. ಚಾಪೆ ಸರಿಯಾಗಿಲ್ಲವೆಂದು ತೆಗೆದು ಮತ್ತೆ ಹಾಸಿದ. ದಾರದ ಸಿಕ್ಕು ಬಿಡಿಸಿದ, ಇಲ್ಲದ ಸಿಕ್ಕನ್ನೂ ಬಿಡಿಸಿದ. ಕೊಡೆ ಬಿಚ್ಚಿದ. ಮಜ್ಜಿಗೆ ಕುಡಿದ. ಬಿಸಿಲು ಏರಿತು. ಏರಿಯ ಮೇಲಿನ ಕಲ್ಲುಗಳು ಕಾದವು, ಜನ ಒಂದು ಕುಂಡಿಯಿಂದ ಇನ್ನೊಂದು ಕುಂಡಿಗೆ ಭಾರ ಬದಲಿಸಿದರು. ಕೊನೆಗೆ ಅವನು ರಾಗಿ ಉಂಡೆ ಚುಚ್ಚಿ, ನೋಡದೆ, ಜೊಂಡಿನ ಕಡೆ ಎಸೆದ. ಉಂಡೆ ಬಿದ್ದ ಸದ್ದು ಏರಿಯವರೆಗೆ ಕೇಳಿತು. ಇಬ್ಬರು ಮೂವರು ಮೆಚ್ಚಿ ತಲೆಯಾಡಿಸಿದರು.

ಕೆಂಪು ಗುಂಪು ಎರಡು ಕೈಯಳತೆ ಆಚೆಗಿತ್ತು. ಬೆಂಡು ಅಲ್ಲಾಡಲಿಲ್ಲ. ಚಿಟ್ಟೆ ಬಂದು ಅದರ ಮೇಲೆ ಕೂತಿತು. ಗಾಳದವಳು ನೋಡುತ್ತಿದ್ದಳು. ಬಿಸಿ ನೀರಿನಲ್ಲಿ ಮೇಣ ಮೆತ್ತಗಾಗುತ್ತಿರಬೇಕು, ಅಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಕೆಂಪು ಗುಂಪು ಚದುರಿತು. ಒಂದು ಕೈ ಈಚೆಗೆ ಕೂಡಿತು. ಮತ್ತೆ ಚದುರಿತು. ಯಜಮಾನ ಆಕಳಿಸಿದ. ನೆರಳು ಕಾಲಡಿಗೆ ಬರಲು ಒಂದು ಗೇಣಿತ್ತು.

ಕೆಂಪು ಗುಂಪು ಬೆಂಡಿನ ಸುತ್ತ ಕೂಡಿತು.

ಚಿಟ್ಟೆ ಹಾರಿತು. ಬೆಂಡು ಇರಲಿಲ್ಲ. ಕೋಲು ಬಿಲ್ಲಿನ ಹಾಗೆ ಬಾಗಿ ಯಜಮಾನನ ಕೈಯಿಂದ ಹೊರಡಲು ನೋಡಿತು. ಅವನು ಎರಡು ಕೈಯಲ್ಲೂ ಹಿಡಿದುಕೊಂಡ. ಹಿಡಿದುಕೊಳ್ಳಬಾರದೆಂದು ಇಪ್ಪತ್ತು ಬೇಸಿಗೆ ಕಲಿತವನು ಹಿಡಿದುಕೊಂಡ. ದಾರ ಬಿಗಿಯಿತು. ಬಿಗಿದ ದಾರದಿಂದ ನೀರು ಸಿಡಿದು, ಇಡೀ ಏರಿಗೆ ಅದರ ಗುಂಯ್ ಸದ್ದು ಕೇಳಿತು.

ಊರು ನೆಟ್ಟಗೆ ಕೂತಿತು. ಆಮೇಲೆ ರೂಢಿಯ ಕೆಲಸಕ್ಕೆ ಇಳಿಯಿತು.

ಹಿರಿಯಜ್ಜಿ ಗಂಟಲು ಸರಿಮಾಡಿಕೊಂಡಳು. ಎಲೆಯಡಿಕೆಯನ್ನು ಕೆನ್ನೆಯಿಂದ ಕೆನ್ನೆಗೆ ಸರಿಸಿದಳು. “ಬೆಳಿಗ್ಗೆ ಏನು ಉಂಡೆ, ಮಗಾ?”

“ಅಂಬಲಿ.”

ಎರಡನೆಯವನು ಎಡಗೈಯಲ್ಲಿ ಬೆರಳೆಷ್ಟು ಎಂದ. ಮೂರನೆಯವನಿಗೆ ಪ್ರಶ್ನೆ ಮರೆತುಹೋಗಿತ್ತು, ಅಥವಾ ಮರೆತ ಹಾಗೆ ಮಾಡಿದ. ಪಕ್ಕದವರು ನೆನಪಿಸುವ ಹಾಗಿಲ್ಲ, ಸರದಿ ತಪ್ಪುತ್ತದೆ. ಅವನು ತಲೆ ಕೆರೆದುಕೊಂಡ. ಮೀನು ಆಳದ ಕಡೆ ನುಗ್ಗಿತು, ಯಜಮಾನ ಮೊಣಕಾಲಿನವರೆಗೆ ನೀರಿಗಿಳಿದ. ಕೊಡೆ ಮಗುಚಿ ತೇಲಿಹೋಯಿತು. ಮೂರನೆಯವನಿಗೆ ಕೊನೆಗೆ ನೆನಪಾಯಿತು.

ಹೀಗೆ ಒಂಬತ್ತಾಯಿತು. ಸೂರ್ಯ ನೆತ್ತಿಯ ಹತ್ತಿರ ಇದ್ದಾನೆ ಎಂದು ಯಜಮಾನ ಉತ್ತರ ಕೊಟ್ಟ. ಹತ್ತನೆಯವಳು ಈ ತನಕ ಪ್ರಶ್ನೆ ಕೇಳಿದವಳೇ ಅಲ್ಲ. ಅವಳ ಅಜ್ಜಿಯ ಕಾಲದಿಂದಲೂ ಊರಿನಲ್ಲಿ ಹತ್ತನೆಯವರಿಗೆ ಸರದಿ ಬಂದೇ ಇರಲಿಲ್ಲ. ಅವಳು ಹೆದರಿ, ಊರಿಗೆ ಎಷ್ಟು ದಾರಿ ಎಂದಳು. ಹದಿನಾರನೆಯವನು ಇಳಿವಯಸ್ಸಿನಲ್ಲಿ ಹೊಸದಾಗಿ ಮದುವೆಯಾದವನು. ಏನೂ ತೋಚದೆ, ನಿಮಗೆ ಯಾರ ಮನೆಯಲ್ಲಿ ಕೂರುವುದು ಇಷ್ಟ ಎಂದುಬಿಟ್ಟ.

“ನನ್ನ ಮನೆ ಬಿಟ್ಟು ಯಾರ ಮನೆಯಾದರೂ,” ಎಂದ ಯಜಮಾನ. ಅವನ ಕಣ್ಣು ನೀರಿನ ಮೇಲಿತ್ತು. ಏರಿಯ ಮೇಲೆ ಅವನ ಹೆಂಡತಿ ಸೆರಗು ಸರಿಮಾಡಿಕೊಂಡು, ಎರಡೂ ಕಡೆ ಕೂತವರನ್ನು ಒಮ್ಮೆ ನೋಡಿದಳು. ಮುಂದಿನವರು ಬೆರಳುಗಳಿಗೇ ಮರಳಿದರು.

ಪೂರ್ವದ ಮೋಡ ಈಗ ಎಮ್ಮೆಯ ಹಿಂಡಿನಷ್ಟಾಗಿತ್ತು. ಆಚೆ ದಂಡೆಯಲ್ಲಿ ತೂಬಿನವನು ಮೋಡವನ್ನು ನೋಡಲಿಲ್ಲ. ನೀರಿನ ಅಂಚಿಗೆ ಬಂದು ನಿಂತಿದ್ದ, ಕಾಲು ನೆನೆಯದ ಹಾಗೆ.

ಗಾಳದವಳಿಗೆ ಮೋಡದ ಭಯಕ್ಕಿಂತ ಹೆಚ್ಚಿನ ಭಯ ಬೇರೆಯಿತ್ತು. ಯಜಮಾನನಿಗೆ ಮೀನು ಹಿಡಿಯಲು ಬರುತ್ತಿರಲಿಲ್ಲ. ಅವನು ಎತ್ತು ಎಳೆಯುವ ಹಾಗೆ ನೇರವಾಗಿ ಎಳೆಯುತ್ತಿದ್ದ. ಹಾಗೆ ಎಳೆದರೆ ಗಾಳ ತುಟಿ ಹರಿದು ಬರುತ್ತದೆ. ಮೀನು ಓಡಿದಾಗ ಓಡಲು ಬಿಡಬೇಕು, ನಿಂತಾಗ ಎಳೆಯಬೇಕು, ಕೋಲು ಎತ್ತಿರಬೇಕು. ಇಷ್ಟನ್ನು ಹೇಳಲು ಒಂದು ಉಸಿರು ಸಾಕು. ಬಾಯಿ ತೆರೆದರೆ ಅವಳ ಪ್ರಶ್ನೆ ಹೋಗುತ್ತದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಇಪ್ಪತ್ತೆರಡು. ಮೀನು ಜೊಂಡಿಗೆ ನುಗ್ಗಿತು, ದಾರ ಜೊಂಡು ಕೊಯ್ಯುತ್ತ ಹೋಯಿತು. ಇಪ್ಪತ್ತಾರು. ಮೀನು ಮೆಟ್ಟಿಲ ಕಲ್ಲಿನ ಕೆಳಗೆ ಹೊಕ್ಕು ಕೂತಿತು. ಎಲ್ಲವೂ ನಿಂತಿತು. ಯಜಮಾನ ಎಳೆಯಲು ತೋಳು ಬಿಗಿದ. ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಎಳೆಯಲಿಲ್ಲ. ತೆರೆದು ನೋಡಿದರೆ ಅವನು ಸೊಂಟಮಟ್ಟದ ನೀರಿನಲ್ಲಿ ನಿಂತು, ಕೋಲನ್ನು ಮೇಲೆತ್ತಿ, ದಾರಕ್ಕೆ ಬೆರಳು ಮುಟ್ಟಿಸಿ ಕಾಯುತ್ತಿದ್ದ. ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಇಪ್ಪತ್ತು ಬೇಸಿಗೆ ಏರಿಯಿಂದ ನೋಡಿದ ಮುಖ ಅದಾಗಿರಲಿಲ್ಲ. ಆ ಮುಖದಲ್ಲಿ ಯಜಮಾನಿಕೆ ಇರಲಿಲ್ಲ, ಭಯ ಇರಲಿಲ್ಲ. ದಾರದ ಆ ತುದಿಯಲ್ಲಿ ಏನು ನಡೆಯುತ್ತಿದೆಯೋ ಅದಷ್ಟೇ ಇತ್ತು. ಮೀನು ಒಮ್ಮೆ ತಲೆ ಕೊಡವಿತು. ಅದು ಬೆರಳಿನಿಂದ ಭುಜದವರೆಗೆ ಬಂದದ್ದು ಏರಿಗೂ ಕಂಡಿತು. ಯಜಮಾನ ನಕ್ಕ. ಮೂವತ್ತನೆಯವನು ಬೆಲ್ಲ ಸಿಹಿಯೇ ಎಂದು ಕೇಳಿದ್ದಕ್ಕೆ, ನಗುತ್ತಲೇ ಹೌದು ಎಂದ.

ಊರಿಗೆ ಈಗ ಕಸಿವಿಸಿಯಾಯಿತು. ಪ್ರಶ್ನೆ ಕೇಳಿ ಮುಗಿಸಿದವರಿಗೆ ಬಾಯಿ ತೆರೆಯಲು ಅಡ್ಡಿಯಿರಲಿಲ್ಲ. ಒಬ್ಬ, ಸಾಕು ಬಿಡಿ ಯಜಮಾನರೇ ಎಂದ. ಇನ್ನೊಬ್ಬ, ಕೈ ನೋಯುತ್ತಿರಬೇಕು ಎಂದ. ಯಜಮಾನನಿಗೆ ಕೇಳಿಸಲಿಲ್ಲ. ಮೂವತ್ತೈದನೆಯವನು ಇದ್ದಬದ್ದ ಹೊತ್ತನ್ನೆಲ್ಲ ಕೆಮ್ಮಿ ಕಳೆದ. ಮೂವತ್ತಾರನೆಯವಳು ನೆರಳಿಗೆ ಬಣ್ಣವಿದೆಯೇ ಎಂದು ಕೇಳಿದಳು. ಇಲ್ಲ ಎಂದ.

ಗಾಳದವಳು ಎದ್ದು ನಿಂತಳು. ಅವಳ ಮನೆತನದ ಪ್ರಶ್ನೆ, ನೀರು ಬೆಚ್ಚಗಿದೆಯೇ ಎಂಬುದು. ಊರೆಲ್ಲ ಅವಳ ಬಾಯಿಯನ್ನು ನೋಡಿತು.

“ಹೋದ ಬೇಸಿಗೆ ತೂಬು ತೆಗೆದವರು ಯಾರು?”

“ನಾನು,” ಎಂದ ಯಜಮಾನ.

ಮೀನು ಕಲ್ಲಿನಡಿಯಿಂದ ಹೊರಗೆ ನುಗ್ಗಿತು. ಅವನು ದಾರ ಬಿಟ್ಟುಕೊಡುತ್ತ, ಅದರ ಜೊತೆ ನಾಲ್ಕು ಹೆಜ್ಜೆ ಹೋದ. ಮುಂದಿನದನ್ನು ಯಾರೂ ಕೇಳಿರಲಿಲ್ಲ. ಕೈ ತುಂಬಿದ್ದವನ ಬಾಯಿಂದ ತಾನಾಗಿ ಬಂತು.

“ಎಲ್ಲರೂ ಕೂತು ಒಪ್ಪಿದ್ದು. ಕೆರೆ ಬತ್ತಿದರೆ ಮೀನಿರುವುದಿಲ್ಲ. ಮೀನಿಲ್ಲದಿದ್ದರೆ ದಾರ ಬಿಗಿಯುವುದಿಲ್ಲ. ನಿನಗೂ ನಿನ್ನ ಗಂಡನಿಗೂ ಹೇಳಲಿಲ್ಲ, ಅವನು ಒಪ್ಪುತ್ತಿರಲಿಲ್ಲ. ತೆಗೆದವನು ನಾನು. ಓಡಿಬಂದು ಮುಚ್ಚಿದವನು ಅವನು.” ಅವನು ಉಸಿರು ಎಳೆದುಕೊಂಡ. “ಎಷ್ಟು ಭಾರ ಇದೆ ಗೊತ್ತಾ ಇದು!”

ಏರಿಯ ಮೇಲೆ ಯಾರೂ ಯಾರನ್ನೂ ನೋಡಲಿಲ್ಲ. ಆಮೇಲೆ ಹಿರಿಯಜ್ಜಿ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದಳು.

“ಕೋಲು ಬಿಡು, ಮಗಾ. ಬಿಟ್ಟರೆ ಏನೂ ಆಗಿಲ್ಲ.”

ಅದು ನಿಜವೇ. ಎರಡು ಕೈಗಳನ್ನು ತೆರೆದರೆ ಸಾಕು, ಹೇಳಿದ್ದೆಲ್ಲ ನೀರಿಗೆ ಬೀಳುತ್ತಿತ್ತು. ಅವನ ಮನೆ, ಅವನ ರುಮಾಲು, ಅವನ ಮೆಟ್ಟಿಲು ಉಳಿಯುತ್ತಿದ್ದವು. ಬಿಡಿ ಎಂದು ಒಬ್ಬ ಅಂದ. ಬಿಡಿ ಎಂದು ಹತ್ತು ಜನ ಅಂದರು. ಬಿಡಿ, ಬಿಡಿ ಎಂದು ಏರಿಯುದ್ದಕ್ಕೂ ಒಂದೇ ಮಾತು, ಒಂದೇ ಮಟ್ಟದಲ್ಲಿ, ಪ್ರಾರ್ಥನೆಯ ಹಾಗೆ ಎದ್ದಿತು. ಮೊದಲ ಗುಡುಗು ಕೇಳಿತು.

ಗಾಳದವಳು ಏರಿ ಇಳಿದು ನೀರಿನ ಅಂಚಿಗೆ ಬಂದಳು. ಅವಳ ಸರದಿ ಮುಗಿದಿತ್ತು, ಇನ್ನು ಬಾಯಿ ಅವಳದೇ.

“ಕೋಲು ಎತ್ತಿ ಹಿಡೀರಿ,” ಎಂದಳು. “ಎಳೀಬೇಡಿ. ಓಡಲಿ ಬಿಡಿ, ಅದು ಸೋಲಲಿ.”

ಅವನು ತಿರುಗಿ ನೋಡಿದ. ಯಾರೆಂದು ಗುರುತು ಹತ್ತಿತೋ ಇಲ್ಲವೋ. ಕೋಲನ್ನು ಎತ್ತಿ ಹಿಡಿದ.

“ಈಗ?”

“ಈಗ ಬೇಡ. ಗಾಳಿ ಕುಡಿಯೋಕೆ ಮೇಲೆ ಬರತ್ತೆ. ಬಂದಾಗ.”

ಮೀನು ಮೇಲೆ ಬಂತು. ಕಪ್ಪು ತಲೆ ನೀರಿನಿಂದ ಎದ್ದು, ಬಾಯಿ ತೆರೆದು, ಒಂದು ಗುಟುಕು ಕುಡಿಯಿತು. ಈಗ ಎಂದಳು. ಅವನು ಹಿಂದಕ್ಕೆ ನಡೆದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಮೆಟ್ಟಿಲು ತಡವುತ್ತ. ಏರಿಯ ಮೇಲಿನವರು ಬಿಡಿ ಎಂದರು. ನೀರಿನ ಅಂಚಿನವಳು ನಿಧಾನ ಎಂದಳು. ಅವನು ನಿಧಾನವಾಗಿ ಬಂದ. ಅವರಿಬ್ಬರೂ ಸೇರಿ, ಕಳಿಸಿದವನು ಮತ್ತು ಕಳಿಸಲ್ಪಟ್ಟವನ ಹೆಂಡತಿ, ತೋಳುದ್ದದ ಮೀನನ್ನು ಒದ್ದೆ ಕಲ್ಲಿನ ಮೇಲೆ ಎಳೆದುಕೊಂಡರು.

ಬಿಡಿ ಎಂಬ ಮಾತು ನಿಂತಿತು. ಯಜಮಾನನ ಮಾತೂ ನಿಂತಿತು, ನಿಯಮದ ಅರ್ಥದಲ್ಲಿ: ಮೀನು ದಂಡೆಯಲ್ಲಿತ್ತು.

ಯಜಮಾನ ಮೊಣಕಾಲೂರಿ ಮೀನಿನ ಪಕ್ಕ ಸ್ವಲ್ಪ ಹೊತ್ತು ಕೂತ. ಗಾಳವನ್ನು ಬಿಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ರಕ್ತ ಬಂತು. ಅವನು ಗಾಳದವಳ ಮುಖ ನೋಡಿದ. ಮೀನನ್ನು ಎರಡು ಕೈಯಲ್ಲಿ ಎತ್ತಿ ಜೊಂಡಿನೊಳಗೆ ಇಳಿಬಿಟ್ಟ. ಕೆಂಪು ಗುಂಪು ಅದರ ಮೇಲೆ ಕೂಡಿತು.

ಆಮೇಲೆ, ಯಾರೂ ಹೇಳುವುದಕ್ಕೆ ಮುಂಚೆ, ಕೋಲನ್ನು ಹೆಗಲ ಮೇಲಿಟ್ಟುಕೊಂಡು ಆಚೆ ದಂಡೆಯ ಕಡೆ ನೀರಿನಲ್ಲಿ ನಡೆದ. ಆ ಕಡೆಯಿಂದ ತೂಬಿನವನು ಇಳಿದು ಬರುತ್ತಿದ್ದ. ನಡುನೀರಿನಲ್ಲಿ ಇಬ್ಬರೂ ಎದುರಾದರು. ಯಜಮಾನ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ನೀರು ಬೆಚ್ಚಗಿದೆ,” ಎಂದ.

ಆ ದಿನ ಮಳೆ ಬರಲಿಲ್ಲ. ಮೋಡ ಗುಡುಗಿ ಬೇರೆ ಊರಿಗೆ ಹೋಯಿತು.

ಯಜಮಾನ ಹೋದದ್ದಕ್ಕೆ ಊರು ಎರಡು ದಿನ ದುಃಖಪಟ್ಟಿತು, ಮೂರನೆಯ ದಿನ ಬೇರೆ ಯಜಮಾನನನ್ನು ಕೂರಿಸಿತು. ಎಲ್ಲರೂ ಸೇರಿ ಒಪ್ಪಿದ್ದರು ಎಂಬ ಮಾತೂ ನಿಂತಿತ್ತು, ಆದರೆ ಎಲ್ಲರನ್ನೂ ಆಚೆ ದಂಡೆಗೆ ಕಳಿಸಲು ಈಚೆ ದಂಡೆಯಲ್ಲಿ ಯಾರೂ ಉಳಿಯುವುದಿಲ್ಲವಾದ್ದರಿಂದ ಅದನ್ನು ಕೈಬಿಟ್ಟರು. ಹಳೆಯ ಯಜಮಾನ ಆಚೆಯಲ್ಲಿ ಪ್ರತಿದಿನ ತಂಪು ಹೊತ್ತಿಗೇ ಗಾಳ ಹಾಕುತ್ತಿದ್ದ. ಅವನ ದಾರ ಪ್ರತಿದಿನ ಬಿಗಿಯುತ್ತಿತ್ತು. ಕೇಳುವವರಿಲ್ಲದಿದ್ದರೂ ಹೇಳುತ್ತಿದ್ದ. ನೀರಿನ ಮೇಲೆ ದನಿ ಚೆನ್ನಾಗಿ ಹರಿಯುತ್ತದೆ. ಊರಿನವರು ಬೆಳಿಗ್ಗೆ ತಡವಾಗಿ ಏಳಲು ಕಲಿತರು.

ತೂಬಿನವನು ಮನೆಗೆ ಬಂದು ಉಂಡ, ಮಲಗಿದ, ಎದ್ದ. ಹೆಚ್ಚು ಮಾತಾಡಲಿಲ್ಲ. ಒಂದು ವರ್ಷ ಮಾತಾಡದವನಿಗೆ ಅದು ರೂಢಿ ತಪ್ಪಿರಬಹುದು. ಎರಡನೆಯ ಮಧ್ಯಾಹ್ನ, ಮಲಗುವ ಹೊತ್ತಿನಲ್ಲಿ, ಮಾಡಿನ ಕಡೆ ನೋಡುತ್ತ ಹೇಳಿದ.

“ಅವತ್ತು ನೀರಿನ ಸದ್ದು ಕೇಳಿ ನಿನ್ನನ್ನ ಎಬ್ಬಿಸಿದ್ದೆ.”

“ಹೂಂ.”

“ಬಾಗಿಲ ತನಕ ಬಂದಿದ್ದೆ ನೀನು.”

“ಹೂಂ,” ಎಂದಳು.

ಅವನು ಮಗ್ಗುಲಾದ. ಅಷ್ಟೇ ಮಾತು. ಸಡಿಲ ದಾರದ ಮಾತು, ಬೇಕಾದರೆ ಆಡಿಲ್ಲವೆಂದುಕೊಳ್ಳಬಹುದು.

ಅವನ ಮನೆಯ ಸರದಿ ಇನ್ನೂ ಉಳಿದಿತ್ತು, ಬೇಸಿಗೆಯ ಕೊನೆಯ ಸರದಿ. ಅದರ ಹಿಂದಿನ ದಿನ ಹಿರಿಯಜ್ಜಿ ಕೋಲೂರಿಕೊಂಡು ಗಾಳದವಳ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ಹೊಸದು ಶುರು ಮಾಡಿದವಳು ನೀನೇ ಕಣೇ,” ಎಂದಳು. “ಅವತ್ತು ನಾನೂ ಮಲಗಿರಲಿಲ್ಲ, ಕಂಡಿದ್ದೀನಿ. ನಾಳೆ ನಾನೂ ಅಂಬಲಿ ಗಿಂಬಲಿ ಕೇಳಲ್ಲ. ಅವತ್ತು ಮಧ್ಯಾಹ್ನ ನಿಮ್ಮ ಬಾಗಿಲಲ್ಲಿ ಎಚ್ಚರವಾಗಿ ನಿಂತಿದ್ದವರು ಯಾರು ಅಂತ ಕೇಳ್ತೀನಿ. ಮೊದಲ ಸರದಿ ನಂದು.”

ಅಜ್ಜಿ ಹೋದ ಮೇಲೆ ಗಾಳದವಳು ಮೂಲೆಯಲ್ಲಿ ಕೂತಳು. ಅವಳ ಮುಂದೆ ಹೊಸ ಗಾಳವಿತ್ತು. ಗಂಡ ಬಂದ ದಿನದಿಂದ ಅವನಿಗಾಗಿ ತೀಡಿದ್ದು, ಚೂಪಾದದ್ದು. ಅವನು ಅದನ್ನು ಕೇಳಿ ಮಾಡಿಸಿಕೊಂಡಿದ್ದ. ಆಚೆ ದಂಡೆಯಿಂದ ಯಜಮಾನನ ಮುಖ ಕಂಡಿತು, ನಾನೂ ಒಮ್ಮೆ ಹಾಗೆ ಹಿಡಿದು ನೋಡಬೇಕು ಎಂದಿದ್ದ. ಬಂದ ಮೇಲೆ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಅವಳು ಗಾಳದ ತುದಿಯನ್ನು ಕಲ್ಲಿಗಿಟ್ಟು, ಎರಡು ಸಲ ಎಳೆದಳು. ಮೊಂಡು ಮಾಡುವುದಕ್ಕೆ ನಲವತ್ತು ದಿನ ಬೇಕಾಗುವುದಿಲ್ಲ.

ಬೆಳಿಗ್ಗೆ ಅವನು ತಂಪು ಹೊತ್ತಿಗೇ ಎದ್ದ. ಕೋಲು ತೆಗೆದುಕೊಂಡ, ಎರೆಹುಳುವಿನ ಕರಟ ತೆಗೆದುಕೊಂಡ. ಮುಖ ತೊಳೆದದ್ದಕ್ಕೋ ಏನೋ, ಎಷ್ಟೋ ವರ್ಷ ಚಿಕ್ಕವನಾಗಿ ಕಂಡ. ಅವಳು ದಾರದ ಸುರುಳಿಯನ್ನು, ಅದರ ತುದಿಯಲ್ಲಿ ಗಾಳವನ್ನು ಅವನ ಅಂಗೈ ಮೇಲೆ ಇಟ್ಟಳು. ಅವನು ಒತ್ತಿ ನೋಡಲಿಲ್ಲ.

“ಚೂಪಾಗಿದೆಯಾ?” ಎಂದ.

“ಹೂಂ,” ಎಂದಳು.

ದಾರ ಅವನ ಅಂಗೈ ಮೇಲೆ ಸಡಿಲವಾಗಿ ಬಿದ್ದಿತ್ತು.